ಎದ್ದ ಮನೆ ಕೂರಿಸುವವರು

ನಮ್ಮ ಊರಿನಲ್ಲಿ ಮನೆಗಳು ಏಳುವುದು ಸಾಮಾನ್ಯವಾಗಿ ಮಧ್ಯಾಹ್ನ, ಊಟ ಮುಗಿದು ಜನ ಚಾಪೆ ಹಾಸಿಕೊಂಡು ಒಂದಿಷ್ಟು ಅಡ್ಡಾದ ಹೊತ್ತಿಗೆ. ಒಳಗಿದ್ದವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಕೊಡದ ನೀರು ಸ್ವಲ್ಪ ಕದಲುತ್ತದೆ, ಗೋಡೆಯ ಕ್ಯಾಲೆಂಡರು ಒಮ್ಮೆ ಪಟಪಟ ಎನ್ನುತ್ತದೆ, ಅಷ್ಟೆ. ಸಂಜೆ ಕಾಫಿಗೆಂದು ಎದ್ದು ಬಾಗಿಲು ತೆಗೆದರೆ ಎದುರಿಗೆ ದಿನಾ ಕಾಣುವ ಹಿಟ್ಟಿನ ಗಿರಣಿಯ ಬದಲು ಕೆರೆಯ ಏರಿ ಇರುತ್ತದೆ. "ಇದರ ಮನೆ ಹಾಳಾಗ, ಇವತ್ತೇ ಏಳಬೇಕಿತ್ತಾ, ಗಿರಣಿಗೆ ಅಕ್ಕಿ ಕೊಟ್ಟು ಬಂದಿದ್ನಲ್ಲಾ" ಎಂದು ಹೆಂಗಸರು ಮನೆಯನ್ನೇ ಬೈಯುತ್ತಾರೆ. ಗಂಡಸರು ಸ್ಕೂಟರು ಹಳೇ ಜಾಗದಲ್ಲೇ ಉಳಿಯಿತೆಂದು ತಲೆ ಕೆರೆದುಕೊಳ್ಳುತ್ತಾರೆ. ಅಂಗಡಿ, ಶಾಲೆ, ಗಿರಣಿ ಇವು ಯಾವತ್ತೂ ಏಳುವುದಿಲ್ಲ. ಮನೆಗಳಿಗೆ ಮಾತ್ರ ಈ ಚಾಳಿ.

ಏಳುವುದೇನೂ ದೊಡ್ಡ ವಿಷಯವಲ್ಲ, ದೊಡ್ಡ ವಿಷಯವೆಂದರೆ ಕೂರುವುದು. ಹೊಸ ಜಾಗಕ್ಕೆ ಬಂದ ಮನೆ ಸುಮ್ಮನೆ ನಿಂತಿರುತ್ತದೆ, ಕೂತಿರುವುದಿಲ್ಲ. ಚಿಲಕ ಹಾಕಿದರೆ ಬೀಳುವುದಿಲ್ಲ. ಒಲೆಯ ಮೇಲಿಟ್ಟ ಹಾಲು ಎಷ್ಟು ಕಾದರೂ ಉಕ್ಕುವುದಿಲ್ಲ. ನೆಲದ ಮೇಲಿಟ್ಟ ಈರುಳ್ಳಿ ತಾನೇ ಉರುಳಿ ಮೂಲೆಗೆ ಹೋಗುತ್ತದೆ. ಯಾರಾದರೂ ಬಂದು ಕೂರಿಸದೆ ಹೋದರೆ ಮಾರನೆಯ ಮಧ್ಯಾಹ್ನ ಮತ್ತೆ ಎದ್ದು ಇನ್ನಷ್ಟು ದೂರ ಹೋಗುತ್ತದೆ, ಅದರ ಮಾರನೆಯ ದಿನ ಇನ್ನೂ ದೂರ. ಊರಿನ ಬಡಗಣಕ್ಕೆ ಸುಣ್ಣದ ಗುಡ್ಡವಿದೆ. ಅದನ್ನು ದಾಟಿದ ಮನೆ ತಿರುಗಿ ಬಂದದ್ದಿಲ್ಲ, ಒಳಗಿದ್ದವರೂ ಬಂದದ್ದಿಲ್ಲ. ನಾನು ಚಿಕ್ಕವಳಿದ್ದಾಗ ಕಾಂಪೌಂಡರ್ ಮನೆಯವರು ಹಾಗೇ ಹೋದರು. ಗುಡ್ಡದ ನೆತ್ತಿಯಲ್ಲಿ ಅವರ ಬಟ್ಟೆ ಒಣಗಿಸುವ ಹಗ್ಗ ಮಾತ್ರ ಸಿಕ್ಕಿತು, ಅದರ ಮೇಲೆ ಒಂದು ಟವೆಲ್ಲು.

ಹೀಗಾಗಿ ನಮ್ಮಲ್ಲಿ ಜೀವವಿಮೆ ಇಲ್ಲದವರು ಇದ್ದಾರು, ಮನೆವಿಮೆ ಇಲ್ಲದವರು ಇಲ್ಲ. ಮನೆವಿಮೆ ಎಂದರೆ ಏಜೆಂಟ್ ಹಾಲಪ್ಪ. ನನಗೆ ಬುದ್ಧಿ ಬಂದಾಗಿನಿಂದ ಅವರೇ ಏಜೆಂಟು. ಮನೆ ಎದ್ದರೆ ಹುಡುಕಿಕೊಂಡು ಬರುವವರು ಅವರು, ಹೊರಗೆ ನಿಂತು ಒಂದು ಮಾತಾಡಿ ಮನೆ ಕೂರಿಸುವವರೂ ಅವರೇ. ಹಾಗೆಂದು ಅವರನ್ನು ಮಹಾ ಚುರುಕಿನ ಮನುಷ್ಯ ಎಂದುಕೊಳ್ಳಬೇಡಿ. ಅಷ್ಟು ಮರೆಗುಳಿಯನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಹೋದ ಮನೆಯಲ್ಲೆಲ್ಲ ಏನಾದರೊಂದು ಬಿಟ್ಟು ಬರುತ್ತಾರೆ. ಒಂದು ಮನೆಯಲ್ಲಿ ಕೊಡೆ, ಇನ್ನೊಂದರಲ್ಲಿ ಕನ್ನಡಕದ ಡಬ್ಬಿ, ಮತ್ತೊಂದರಲ್ಲಿ ಊಟದ ಕ್ಯಾರಿಯರಿನ ಮುಚ್ಚಳ. ರಸೀದಿ ತರಲು ಮರೆತು "ನಾಳೆ ತರ್ತೀನಿ ತಾಯಿ" ಎನ್ನುತ್ತಾರೆ. ನಮ್ಮತ್ತೆ ತುಂಗಮ್ಮನನ್ನು ಅರ್ಧ ಸಲ ಗಂಗಮ್ಮ ಎಂದು ಕರೆಯುತ್ತಾರೆ. ನಮ್ಮತ್ತೆ ಅರ್ಧ ಸಲ ತಿದ್ದುತ್ತಾರೆ, ಇನ್ನರ್ಧ ಸಲ ಓ ಎನ್ನುತ್ತಾರೆ.

ಇಂಥ ಮನುಷ್ಯನನ್ನು ಸೋಲಿಸುವುದು ಯಾವ ಮಹಾ ಕೆಲಸ ಎಂದುಕೊಂಡೇ ನಾನು ಹೊಸ ಕಂಪನಿ ಸೇರಿದ್ದು. ಬಸ್ ಸ್ಟ್ಯಾಂಡಿನ ಮೇಲಿನ ಮಹಡಿಯಲ್ಲಿ ನನಗೊಂದು ಮೇಜು, ಒಂದು ಫ್ಯಾನು ಕೊಟ್ಟರು. ಕಂತು ಹಾಲಪ್ಪನವರದರ ಅರ್ಧ. ಮನೆ ಎದ್ದ ಸುದ್ದಿ ಫೋನಿನಲ್ಲಿ ತಿಳಿಸಿದರೆ ಸಾಕು, ಸ್ಕೂಟರು ಸಾಗಿಸಲು, ನೀರಿನ ಪೈಪು ಹಾಕಿಸಲು, ಎಲ್ಲಕ್ಕೂ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಪರಿಹಾರ ಜಮಾ ಆಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ನಿಜವಾಗಿಯೂ ಜಮಾ ಆಗುತ್ತದೆ. ಹಂಚಲು ಕೊಟ್ಟ ಕರಪತ್ರದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: "ಒಮ್ಮೆ ಸಹಿ ಹಾಕಿ, ಅಲ್ಲಿಗೆ ಮುಗಿಯಿತು. ಇನ್ನು ಯಾರೂ ನಿಮ್ಮ ಬಾಗಿಲು ತಟ್ಟುವುದಿಲ್ಲ!" ಓದಿ ನಾನೇ ಮರುಳಾಗಿದ್ದೆ.

ಬಿಸಿಲು, ಧೂಳು ಎನ್ನದೆ ಮನೆಮನೆ ತಿರುಗಿದೆ. ಎಲ್ಲರೂ ಕೂರಿಸಿ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಕರಪತ್ರವನ್ನು ಎರಡೂ ಬದಿ ಓದಿದರು. "ಹೌದಲ್ಲ, ಅರ್ಧಕ್ಕರ್ಧ ಕಡಿಮೆ" ಎಂದು ಬಾಯಿ ಚಪ್ಪರಿಸಿದರು. ಎರಡನೆಯ ಸಲ ಹೋದಾಗ ನಾನು ಬಾಗಿಲಲ್ಲೇ ನಿಂತು "ಯೋಚನೆ ಮಾಡಿದ್ರಾ?" ಎನ್ನುತ್ತಿದ್ದೆ. "ಮಾಡ್ತಾ ಇದ್ದೀವಿ ಕುಮುದಮ್ಮ, ನಾಳೆ ಬನ್ನಿ" ಎನ್ನುತ್ತಿದ್ದರು. ನಾಳೆ ಹೋದರೆ ಅದೇ ಮಾತು. ಕೊನೆಕೊನೆಗೆ ನಾನು ಬೀದಿ ತಿರುವಿನಲ್ಲಿ ಕಂಡರೆ ಸಾಕು, ಮಕ್ಕಳು "ಅಮ್ಮಾ, ಯೋಚನೆ ಮಾಡಿದ್ರಾ ಬಂದ್ರು" ಎಂದು ಕೂಗುವಂತಾಯಿತು. ಮರ್ಯಾದೆಯಾಗಿ ಕುಮುದಿನಿ ಎಂದು ಹೆಸರಿಟ್ಟವರು ನಮ್ಮಪ್ಪ, ಊರು ನನಗೆ ಇಟ್ಟ ಹೆಸರು ಇದು.

ಬೇರೆಯವರ ಮಾತಿರಲಿ, ನಮ್ಮತ್ತೆಯೇ ಬದಲಾಯಿಸಲಿಲ್ಲ.

"ಅತ್ತೆ, ಸೊಸೆ ಕಂಪನಿ ಬಿಟ್ಟು ಆ ಮರೆಗುಳಿಗೆ ಕಂತು ಕಟ್ತೀರಲ್ಲ, ಊರವರು ಏನಂತಾರೆ?"

"ಏನಂತಾರೆ? ಅವರೂ ಅವನಿಗೇ ಕಟ್ತಾರಲ್ಲ."

"ಅದೇ ಯಾಕೆ ಅಂತ ಕೇಳ್ತಿರೋದು."

"ಅವನ ಕನ್ನಡಕದ ಡಬ್ಬಿ ನಮ್ಮ ಅಲಮಾರದಲ್ಲಿದೆ ಕಣೇ. ಬಿಟ್ಟರೆ ಅದನ್ನ ಏನು ಮಾಡೋದು?"

"ವಾಪಸ್ ಕೊಡೋದು!"

ನಮ್ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಾರೋ ತಲೆಕೆಟ್ಟವರ ಜೊತೆ ಮಾತಾಡುತ್ತಿದ್ದೇನೆ ಎನ್ನುವ ಹಾಗೆ "ಹೋಗಿ ಬೇಳೆ ತೊಳಿ" ಎಂದರು.

ಕಂಪನಿಯ ಮ್ಯಾನೇಜರು ದೂರದ ಊರಿನಲ್ಲಿದ್ದರು. ನಾನು ಅವರನ್ನು ಕಂಡಿಲ್ಲ, ಫೋನಿನಲ್ಲಿ ದನಿ ಮಾತ್ರ ಕೇಳಿದ್ದೆ. ಬೈಯುವವರಲ್ಲ, ಪಾಪ. ಅವರಿಗೂ ನಿಜವಾಗಿ ಕುತೂಹಲ. "ಅರ್ಧ ಬೆಲೆಗೆ ಕೊಟ್ಟರೂ ಯಾಕೆ ಬರಲ್ಲ ಮೇಡಂ? ಬೇರೆ ಎಲ್ಲಾ ಊರಲ್ಲೂ ಬಂದ್ರು. ನೀವು ಅಲ್ಲಿಯವರೇ ಅಲ್ವಾ, ವಿಚಾರಿಸಿ ಹೇಳಿ" ಎಂದರು. ಗಿರಾಕಿ ಸಿಗದಿದ್ದರೆ ಹೋಗಲಿ, ಕಾರಣವಾದರೂ ಸಿಗಲಿ ಎಂದು ನನಗೂ ಹಟ ಹಿಡಿಯಿತು. ಹುಟ್ಟಿದಾಗಿನಿಂದ ನೋಡಿದ ಊರು ನನಗೆ ಅರ್ಥವಾಗುವುದಿಲ್ಲ ಎಂದರೆ ಏನರ್ಥ?

ವಿಚಾರಿಸಿದೆ. ಒಬ್ಬೊಬ್ಬರದೂ ಒಂದೊಂದು ಕಾರಣ, ಒಂದಕ್ಕೂ ತಲೆಬುಡವಿಲ್ಲ. ಗಿರಣಿಯ ಷಡಕ್ಷರಿ, "ಅವರು ಬಂದಾಗಲೆಲ್ಲ ನಮ್ಮನೆ ನಾಯಿ ಕಟ್ಟಿದ್ದೀರಾ ಅಂತಾರೆ. ನಾಯಿ ಸತ್ತು ಯಾವ ಕಾಲ ಆಯ್ತು. ಪಾಪ, ಹೆಂಗೆ ಹೇಳೋದು ಅಂತ ಹಂಗೇ ಬಿಟ್ಟಿದ್ದೀನಿ" ಎಂದ. ಹೂವಿನ ಅಂಗಡಿಯವಳು, "ನಮ್ಮ ಹುಡುಗಿಗೆ ಒಂದು ವರ ಹೇಳ್ತೀನಿ ಅಂದಿದ್ದಾರೆ" ಎಂದಳು. ಹುಡುಗಿಗೆ ಮದುವೆಯಾಗಿ ಎರಡು ಮಕ್ಕಳಿವೆ. ಎಲ್ಲರಿಗಿಂತ ವಿಚಿತ್ರ ದರ್ಜಿ ಖಲೀಲರದು. ಅವರು ಬಟ್ಟೆ ಹೊಲಿಯುವುದು ಮನೆಯ ಜಗಲಿಯಲ್ಲೇ. ಆ ಮನೆ ಅವರಪ್ಪನ ಕಾಲದಿಂದ ಒಂದೇ ಒಂದು ಸಲವೂ ಎದ್ದಿಲ್ಲ. ಅಕ್ಕಸಾಲಿಗರ ಮನೆಗಳೂ ಹಾಗೇ, ಏಳುವುದು ಬಹಳ ಅಪರೂಪ. "ಮತ್ತೆ ನಿಮಗೆ ವಿಮೆಯೇ ಯಾಕೆ ಖಲೀಲಣ್ಣ?" ಎಂದರೆ, "ಹಾಲಪ್ಪನೋರ ಒಂದು ಅಂಗಿ ಹೊಲಿಯೋಕೆ ಬಂದು ಕೂತದೆ, ಇನ್ನೂ ಕೊಟ್ಟಿಲ್ಲ. ಯಾವ ಮುಖ ಇಟ್ಕೊಂಡು ವಿಮೆ ಬಿಡ್ಲಿ?" ಎಂದು ನಕ್ಕರು. ಅಷ್ಟರಲ್ಲಿ ಯಾರೋ ರವಿಕೆ ಕೇಳಿಕೊಂಡು ಬಂದರು. ಖಲೀಲಣ್ಣ ತಲೆ ಎತ್ತದೆ "ನಾಳೆ ಬನ್ನಿ" ಎಂದರು.

ಆ ತಿಂಗಳೇ ನಮ್ಮ ಮನೆ ಎದ್ದಿತು. ನಾನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಹಳೇ ಟಾಕೀಸಿನ ಹಿಂಗೋಡೆ ಕಾಣುತ್ತಿತ್ತು. ನಮ್ಮತ್ತೆ ಆಗಲೇ ಎದ್ದು ಕಾಫಿಗೆ ಹಾಲಿಟ್ಟಿದ್ದರು. ಹಾಲು ಸುಮ್ಮನೆ ಹಬೆಯಾಡುತ್ತಿತ್ತು, ಉಕ್ಕುವ ಲಕ್ಷಣ ಇರಲಿಲ್ಲ. ಅವರು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರು. ಗಾಬರಿ ಇಲ್ಲ, ಏನಿಲ್ಲ. ಸೂರ್ಯ ಟಾಕೀಸಿನ ಹಿಂದಕ್ಕೆ ಸರಿಯುವಾಗ ಹೊರಗೆ ಚಪ್ಪಲಿ ಸದ್ದಾಯಿತು. ಹಾಲಪ್ಪನವರು ಬೆವರು ಒರೆಸಿಕೊಳ್ಳುತ್ತಾ ಅಂಗಳದಲ್ಲಿ ನಿಂತಿದ್ದರು. ಊರೆಲ್ಲ ಸುತ್ತಿ ಬಂದಿರಬೇಕು, ಪಂಚೆಗೆ ಮುಳ್ಳು ಮೆತ್ತಿತ್ತು.

"ಗಂಗಮ್ಮಾ, ನನ್ನ ಕನ್ನಡಕದ ಡಬ್ಬಿ ಇಲ್ಲೇನಾದ್ರೂ ಬಿಟ್ಟಿದ್ನಾ?"

"ಇದೆ ಇದೆ, ಎಲ್ಲಿ ಹೋಗುತ್ತೆ? ಬನ್ನಿ" ಎಂದರು ನಮ್ಮತ್ತೆ ಒಳಗಿನಿಂದ.

ಕಾಲ ಕೆಳಗೆ ಏನೋ ಮೆತ್ತಗೆ ಇಳಿದಂತಾಯಿತು. ದಣಿದ ಎಮ್ಮೆ ಮಂಡಿ ಮಡಿಸಿ ಕೂರುತ್ತದಲ್ಲ, ಹಾಗೆ. ಹಾಲು ಬುಸ್ ಎಂದು ಉಕ್ಕಿ ಒಲೆ ಆರಿಸಿತು. ಹಾಲಪ್ಪನವರು ಒಳಗೆ ಬಂದು, ಕಾಫಿ ಕುಡಿದು, ಹೊಸ ಜಾಗದಲ್ಲಿ ನೀರು ಎಲ್ಲಿಂದ ತರಬೇಕೆಂದು ಹೇಳಿ, ನಮ್ಮ ಯಜಮಾನರ ಕೆಮ್ಮು ವಿಚಾರಿಸಿ ಹೊರಟರು. ಡಬ್ಬಿ ಮತ್ತೆ ಅಲಮಾರದಲ್ಲೇ ಉಳಿಯಿತು.

ನಾನು ಅವರ ಹಿಂದೆಯೇ ಓಡಿದೆ. "ಹಾಲಪ್ಪನವರೇ, ನಿಜ ಹೇಳಿ. ನೀವು ಬೇಕಂತಲೇ ಮರೆಯೋದಾ?"

ಅವರು ನಿಂತು ಪಂಚೆಯ ಮುಳ್ಳು ಕಿತ್ತರು. "ಮೊದಮೊದಲು ನಿಜವಾಗಿ ಮರೀತಿದ್ದೆ ತಾಯಿ" ಎಂದರು. "ಆಮೇಲಾಮೇಲೆ ಮರೀತಿದೀನೋ ಬಿಡ್ತಿದೀನೋ ನನಗೇ ತಿಳೀದಂಗಾಯ್ತು. ಈಗಂತೂ ಆ ಡಬ್ಬೀಲಿ ಕನ್ನಡಕಾನೇ ಇಲ್ಲ." ಮೂಗಿನ ಮೇಲಿದ್ದ ಕನ್ನಡಕ ಮುಟ್ಟಿ ತೋರಿಸಿದರು. ನನಗೆ ಅವರ ಮೇಲೆ ಕೋಪವೂ ಬಂತು, ನಗುವೂ ಬಂತು. ಇದೊಂದು ವ್ಯಾಪಾರದ ಚಮತ್ಕಾರ ಎಂದುಕೊಂಡು ಸುಮ್ಮನಾದೆ.

ಇಷ್ಟರಲ್ಲಿ ನನಗೂ ಒಬ್ಬಳು ಗಿರಾಕಿ ಸಿಕ್ಕಳು. ಸುಗುಣಾ, ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವಳು, ಹಾಲಿನ ಸೊಸೈಟಿಯಲ್ಲಿ ಕ್ಲಾರ್ಕು. ಮದುವೆಯಾಗಲಿಲ್ಲ. ಸಾಕಿದ ಚಿಕ್ಕಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮನ ಮನೆಯಲ್ಲೇ ಒಬ್ಬಳೇ ಇದ್ದಳು. ಯಾವ ಕೆಲಸವನ್ನೂ ಬಾಕಿ ಇಟ್ಟುಕೊಳ್ಳುವ ಜಾತಿಯಲ್ಲ ಅವಳದು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಸಂಜೆಯೊಳಗೆ ತಿರುಗಿಸಬೇಕು, ಅದೂ ತುಂಬಿ ತುಳುಕುವಂತೆ. ತಿಂಡಿ ಕಳಿಸಿದ ತಟ್ಟೆಯನ್ನು ಅಲ್ಲೇ ತೊಳೆದು, ಕಳಿಸಿದವರು ಮನೆ ಮುಟ್ಟುವ ಮೊದಲೇ ಮುಟ್ಟಿಸುತ್ತಿದ್ದಳು. ಹಾಲಪ್ಪನವರು ಅವಳ ಮನೆಯಲ್ಲಿ ಕೊಡೆ ಬಿಟ್ಟರೆ ಅವಳು ಬೀದಿ ತುದಿಯವರೆಗೆ ಓಡಿ ಹೋಗಿ ಕೈಗೆ ಕೊಟ್ಟು ಬರುತ್ತಿದ್ದಳು. ಊರಿನಲ್ಲಿ ಅತಿ ಹೆಚ್ಚು ಸಲ ಎದ್ದ ಮನೆ ಅವಳದೇ ಇರಬೇಕು. ಆದರೂ ಹಾಲಪ್ಪನವರು ಬಂದು, ಏನಾದರೊಂದು ನೆಪ ಹುಡುಕಿ ಕೂರಿಸಿ ಹೋಗುತ್ತಿದ್ದರು.

ಅವಳ ಮನೆಗೆ ನಾನು ಎಲ್ಲರ ಮನೆಗಿಂತ ಹೆಚ್ಚು ಹೋದೆ. ಗೆಳತಿ, ಒಳ್ಳೇ ಕಾಫಿ ಮಾಡುತ್ತಾಳೆ, ಅದೂ ಒಂದು ಕಾರಣ. ಆಫೀಸು ಮುಗಿಸಿ ಹೋಗಿ ಕಿಟಕಿಯಲ್ಲಿ ಮುಖ ಇಟ್ಟು "ಏನೇ ಸುಗುಣಾ, ಯೋಚನೆ ಮಾಡಿದ್ಯಾ?" ಎನ್ನುತ್ತಿದ್ದೆ. "ಮಾಡ್ತಾ ಇದ್ದೀನಿ ಕಣೇ, ನಾಳೆ ಬಾ" ಎನ್ನುತ್ತಿದ್ದಳು. ಬೇರೆಯವರ ಹಾಗೆ ಸಾಗಹಾಕಲು ಅಲ್ಲ, ಅವಳು ನಿಜವಾಗಿಯೂ ಯೋಚನೆ ಮಾಡುತ್ತಿದ್ದಳು. ಆ ದಿನಗಳಲ್ಲೆಲ್ಲ ಅವಳ ಮನೆ ಒಮ್ಮೆಯೂ ಏಳಲಿಲ್ಲ. ನಾನು ಅದನ್ನು ಗಮನಿಸಿದ್ದೆ, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ. ಕೊನೆಗೊಂದು ಸಂಜೆ ಅವಳೇ ಪೆನ್ನು ತಂದಳು. "ಕೊಡು, ಸಹಿ ಹಾಕ್ತೀನಿ. ಒಂದು ವಿಷಯ ತಲೇಲಿ ಬಾಕಿ ಉಳಿದ್ರೆ ನಂಗೆ ನಿದ್ದೇನೇ ಬರಲ್ಲ. ಆ ಹಾಲಪ್ಪನೋರ ರಾಮಾಯಣಾನೂ ಮುಗಿಯುತ್ತೆ" ಎಂದಳು. ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿ ಟಕ್ ಎನಿಸಿದಳು. ನಾನು ಕುಣಿಯುವುದೊಂದು ಬಾಕಿ.

ಸಹಿಯಾದ ಮೇಲೆ ನಾನು ಅವಳ ಮನೆಗೆ ಹೋಗಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಸಹಿ ಹಾಕದ ಮನೆಗಳೇ ಊರ ತುಂಬ ಇರುವಾಗ ಸಹಿ ಹಾಕಿದವರ ಮನೆಗೆ ಹೋಗಲು ಕಾಲಿಗೆ ದಾರಿ ಸಿಗಲಿಲ್ಲ. ಕಂಪನಿಯ ಕರಪತ್ರದಲ್ಲೂ ಅದೇ ತಾನೇ ಇದ್ದದ್ದು, ಯಾರೂ ಬಾಗಿಲು ತಟ್ಟುವುದಿಲ್ಲ ಎಂದು.

ಮಳೆಗಾಲ ಕಳೆದು ಬಿಸಿಲು ಬಂದ ಹೊಸದರಲ್ಲಿ ಅವಳ ಮನೆ ಎದ್ದಿತು. ಅವಳು ಕಂಪನಿಗೆ ಫೋನ್ ಮಾಡಿದಳು, ಪರಿಹಾರ ಜಮಾ ಆಯಿತು. ಮ್ಯಾನೇಜರು ಖುಷಿಯಿಂದ ನನಗೆ ತಿಳಿಸಿದರು. ನಾನೂ ಹಿಗ್ಗಿದೆ, ಇಡೀ ಬೀದಿಗೆ ಹೇಳಿಕೊಂಡು ಬಂದೆ. "ನೋಡಿದ್ರಾ, ಎಷ್ಟು ಬೇಗ!" ಮೂರನೆಯ ದಿನ ಸೊಸೈಟಿಗೆ ಹಾಲು ಹಾಕುವ ಹೆಂಗಸೊಬ್ಬಳು ಬಂದು, "ನಿಮ್ಮ ಗೆಳತಿ ಕೆಲಸಕ್ಕೆ ಬಂದಿಲ್ಲ. ಮನೆ ನಿನ್ನೆ ಮತ್ತೆ ಎದ್ದೈತಂತೆ, ಇಟ್ಟಿಗೆ ಗೂಡಿನ ಹತ್ರ ಐತಂತೆ" ಎಂದಳು. ಗಾಬರಿಯಲ್ಲಿ ಮ್ಯಾನೇಜರಿಗೆ ಫೋನ್ ಮಾಡಿದೆ.

"ಮೇಡಂ, ಅದಕ್ಕೂ ಪರಿಹಾರ ಹಾಕಿದ್ದೀವಲ್ಲ" ಎಂದರು.

"ಹಣ ಅಲ್ಲ ಸಾರ್, ಮನೆ ಕೂತಿಲ್ಲ."

"ಕೂರೋದು ಅಂದ್ರೆ?"

ಅವರಿಗೆ ಅದನ್ನು ಹೇಗೆ ಹೇಳುವುದು? ಆ ಹೊತ್ತಿಗೆ ಮಧ್ಯಾಹ್ನವೂ ಕಳೆದಿತ್ತು. ಇಟ್ಟಿಗೆ ಗೂಡಿನ ಹತ್ತಿರ ಓಡಿದರೆ ಅಲ್ಲಿ ಒಂದು ಮನೆಯಷ್ಟು ಅಗಲಕ್ಕೆ ಒದ್ದೆ ಮಣ್ಣು ಮಾತ್ರ ಕಂಡಿತು. ಗೂಡಿನ ಕೂಲಿಗಳು ಸುಣ್ಣದ ಗುಡ್ಡದ ಕಡೆ ಕೈ ತೋರಿಸಿದರು. ಗುಡ್ಡದ ಬುಡದಲ್ಲಿ ಸಣ್ಣಗೆ, ಬಿಳಿಗೋಡೆಯ ಆ ಮನೆ ಕಾಣುತ್ತಿತ್ತು.

ಬೆಳಗಾಗುವುದನ್ನೇ ಕಾದು ಹಾಲಪ್ಪನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೈಮುಗಿದು ಎಲ್ಲ ಹೇಳಿದೆ. "ನಿಮ್ಮ ಗಿರಾಕೀನ ಕಿತ್ತುಕೊಂಡೆ ಅಂತ ಮನಸ್ಸಿನಲ್ಲಿ ಇಟ್ಕೋಬೇಡಿ. ಒಂದು ಸಲ ಬಂದು ಕೂರಿಸಿ" ಎಂದೆ.

"ಛೆ ಛೆ, ಮನಸ್ಸಿನಲ್ಲಿ ಇಟ್ಕೊಳ್ಳೋದು ಏನಿದೆ ತಾಯಿ? ನಿನ್ನೆ ಇಟ್ಟಿಗೆ ಗೂಡಿನ ಹತ್ರ ಹೋಗಿದ್ದೆ ನಾನು" ಎಂದರು. "ಏನಂತ ಕೂಗಲಿ? ಆ ಮನೇಲಿ ನಂದು ಏನೂ ಉಳಿದಿಲ್ಲ. ಚಿಕ್ಕಮ್ಮನ ಕಾಲದಲ್ಲಿ ನಾನು ಬಿಟ್ಟಿದ್ದನ್ನ ನಿನ್ನ ಕಂಪನಿ ಸೇರಿದ ದಿನವೇ ಎಲ್ಲಾ ಗಂಟು ಕಟ್ಟಿ ತಂದುಕೊಟ್ಟಳು. ಒಂದು ಹಳೇ ಬಟನ್ ಇತ್ತು, ಅದನ್ನೂ. ಸುಮ್ನೆ ಸುಗುಣಮ್ಮಾ ಅಂದೆ. 'ಎಲ್ಲಾ ಮುಗೀತಲ್ಲ ಹಾಲಪ್ಪನೋರೇ' ಅಂದ್ಲು. ಮನೆ ಇನ್ನೂ ಒಂದು ಗೇಣು ಮೇಲೆದ್ದಿತು. ಹೆದರಿ ಬಂದುಬಿಟ್ಟೆ." ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ಮುಖ ನೋಡಿದರು. "ನಿಂದೇನಾದ್ರೂ ಇದೆಯಾ ಅಲ್ಲಿ?"

"ನಂದೇನೂ ಇಲ್ಲ" ಎಂದೆ. ಇರಲಿಲ್ಲ. ನಾವು ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸಿದ್ದೆವು.

ಸುಣ್ಣದ ಗುಡ್ಡ ದೂರದಿಂದ ಕಂಡಷ್ಟು ಹತ್ತಿರವಿಲ್ಲ. ನಾನು ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಮನೆ ಇಳಿಜಾರಿನಲ್ಲಿ ನಿಂತಿತ್ತು, ಬಾಗಿಲು ಚಿಲಕ ಬೀಳದೆ ಅಲ್ಲಾಡುತ್ತಿತ್ತು. ಸುಗುಣಾ ಕಿಟಕಿಯ ಹಿಂದೆ ಕೂತಿದ್ದಳು. ಮನೆಯೆಲ್ಲ ಗುಡಿಸಿ ಒರೆಸಿ, ಪಾತ್ರೆಗಳನ್ನು ಬೋರಲು ಹಾಕಿ, ಊರು ಬಿಡುವವಳ ಹಾಗೆ ಎಲ್ಲ ಓರಣ ಮಾಡಿಟ್ಟಿದ್ದಳು. ಒಲೆಯ ಮೇಲೆ ಹಾಲಿನ ಪಾತ್ರೆ ಇತ್ತು.

"ಹೊರಗೆ ಬಾರೇ" ಎಂದೆ. "ಮನೆ ಹೋದ್ರೆ ಹೋಗಲಿ. ನಮ್ಮನೇಲಿ ಇರುವಿಯಂತೆ."

"ಚಿಕ್ಕಮ್ಮ ನನ್ನ ನಂಬಿ ಬಿಟ್ಟುಹೋದ ಮನೆ ಕುಮುದಾ. ಒಂಟಿಯಾಗಿ ಕಳಿಸೋಕೆ ನನ್ನ ಕೈಲಾಗಲ್ಲ" ಎಂದಳು. ಅವಳ ಕಣ್ಣು ಕೆಂಪಾಗಿದ್ದವು. ಬಗ್ಗುವವಳಲ್ಲ ಎಂದು ನನಗೆ ಗೊತ್ತಿತ್ತು. ಅವಳು ಗುಡ್ಡ ದಾಟಿದರೆ ಅವಳ ಮುಖ ಮತ್ತೆ ನೋಡುವಂತಿರಲಿಲ್ಲ.

ಮನೆ ಕೂರಿಸುವ ಮಾತು ಯಾವುದೋ ನನಗೇನು ಗೊತ್ತು? ತೋಚಿದ್ದೆಲ್ಲ ಕೂಗಿದೆ. ಸುಗುಣಾ ಎಂದೆ. ಪಾಲಿಸಿಯಲ್ಲಿರುವಂತೆ ಕುಮಾರಿ ಸುಗುಣಾದೇವಿ ಎಂದೆ. "ಕಂಪನಿ ಕಡೆಯಿಂದ ಬಂದಿದ್ದೀನಿ, ಪರಿಹಾರ ಬಂತಾ?" ಎಂದೆ. "ಬಂತು" ಎಂದಳು. ಮನೆ ಸಣ್ಣಗೆ ಅದುರಿತು. "ಪೂರ್ತಿ ಬಂತಾ?" "ಪೂರ್ತಿ ಬಂತು." ಮೆಟ್ಟಿಲ ಕಲ್ಲು ನೆಲ ಬಿಟ್ಟು ಮೇಲೆದ್ದಿತು, ಅದರ ಕೆಳಗಿನಿಂದ ಇರುವೆಗಳು ಓಡಿದವು. "ಇನ್ನೇನಾದ್ರೂ ಆಗಬೇಕಿದೆಯಾ?" ಎಂದು ಕಂಪನಿ ಕಲಿಸಿದ ಹಾಗೇ ಕೇಳಿಬಿಟ್ಟೆ. "ಏನೂ ಇಲ್ಲ ಕಣೇ" ಎಂದಳು. ಮನೆ ಪೂರ್ತಿ ಎದ್ದೇಬಿಟ್ಟಿತು.

ಅದು ಗುಡ್ಡ ಹತ್ತತೊಡಗಿತು. ಅವಸರವಿಲ್ಲ, ನಿಧಾನ. ನಾನು ಕಿಟಕಿಯ ಸರಳು ಹಿಡಿದು ಪಕ್ಕದಲ್ಲೇ ಓಡಿದೆ. ಸುಣ್ಣಕಲ್ಲು ಕಾಲಡಿ ಜಾರುತ್ತಿತ್ತು. ಬಲಗಾಲು ಮೆಟ್ಟಿಲಿಗೆ ತಗುಲಿ ಚಪ್ಪಲಿ ಕಳಚಿ ಅಲ್ಲೇ ಮೆಟ್ಟಿಲ ಮೇಲೆ ಬಿತ್ತು, ಎತ್ತಿಕೊಳ್ಳಲು ಬಗ್ಗಿದರೆ ಸರಳು ಕೈಬಿಡುತ್ತಿತ್ತು. ನೆತ್ತಿ ಹತ್ತಿರವಾಗುತ್ತಿತ್ತು. ಕಾಂಪೌಂಡರ್ ಮನೆಯವರ ಹಗ್ಗದ ಗೂಟ ಇನ್ನೂ ಅಲ್ಲಿದೆ, ಅದು ಕಣ್ಣಿಗೆ ಬಿತ್ತು. ಉಸಿರು ಕಟ್ಟಿ, ಅಳು ಬಂದು, ಸಿಟ್ಟು ಬಂದು, ಬಾಯಿಗೆ ಬೇರೇನೂ ಸಿಕ್ಕದೆ, ಆ ಕಿಟಕಿಯಲ್ಲಿ ಮುಖ ಇಟ್ಟಾಗಲೆಲ್ಲ ಅಂದು ಅಂದು ನಾಲಗೆಗೆ ಅಂಟಿದ್ದೇ ಹೊರಗೆ ಬಂತು.

"ಏನೇ ಸುಗುಣಾ, ಯೋಚನೆ ಮಾಡಿದ್ಯಾ?"

ಅವಳೂ ಅಳುತ್ತಿದ್ದಳು. ಅವಳಿಗೂ ತಾನು ಏನು ಹೇಳುತ್ತಿದ್ದೇನೆಂಬ ಪರಿವೆ ಇರಲಿಲ್ಲ. "ಮಾಡ್ತಾ ಇದ್ದೀನಿ ಕಣೇ" ಎಂದಳು, "ನಾಳೆ ಬಾ."

ಮನೆ ನಿಂತಿತು. ಯಾರೋ ಹೆಸರು ಹಿಡಿದು ಕರೆದಂತೆ ನಿಂತು, ಒಂದು ಕ್ಷಣ ಹಾಗೇ ಇದ್ದು, ಮೆಲ್ಲಗೆ ಇಳಿದು ಗುಡ್ಡದ ಮೇಲೆಯೇ ಕೂತಿತು. ನನ್ನ ಕೈಯಲ್ಲಿದ್ದ ಸರಳು ಗಟ್ಟಿಯಾಯಿತು. ಬಾಗಿಲ ಚಿಲಕ ತಾನಾಗಿ ಕಟಕ್ಕೆಂದು ಬಿತ್ತು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಸುಗುಣಾ ಜನ್ಮದಲ್ಲೇ ಮೊದಲ ಸಲ ಚೆಲ್ಲಿದ ಹಾಲು ಒರೆಸದೆ ಕೂತು ಗೊಳೋ ಎಂದು ಅತ್ತಳು. ನಾನೂ ಕಿಟಕಿಯ ಹೊರಗೆ ನೆಲದ ಮೇಲೆ ಕೂತು ಅತ್ತೆ. ಆಮೇಲೆ ಇಬ್ಬರೂ ನಕ್ಕೆವು.

ಬಲಗಾಲಿನ ಚಪ್ಪಲಿ ಅಲ್ಲೇ ಮರೆತು, ಬರಿಗಾಲಿನಲ್ಲಿ ಮನೆಗೆ ಬಂದಾಗ ಮ್ಯಾನೇಜರ ಫೋನು ಬಂತು. "ಹೇಳಿ ಮೇಡಂ, ಕಾರಣ ಏನಾದ್ರೂ ಗೊತ್ತಾಯ್ತಾ? ಯಾಕೆ ಬಿಡಲ್ಲ ಅವರು ಆ ಏಜೆಂಟರನ್ನ?" ಎಂದರು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಊರಿನಲ್ಲಿ ನಾಳೆ ಬನ್ನಿ ಎನ್ನುತ್ತಲೇ ಸಹಿ ಹಾಕದ ಮನೆಗಳನ್ನೆಲ್ಲ ಈಗ ನಾನು ಕೂರಿಸಬಲ್ಲೆ, ನನ್ನನ್ನು ನಂಬಿ ಸಹಿ ಹಾಕಿದವಳ ಮನೆಯನ್ನೇ ಇನ್ನೇನು ಕಳೆದುಕೊಳ್ಳುತ್ತಿದ್ದೆ ಎಂದು ಹೇಳಬೇಕಿತ್ತು. ಅವರ ಕರಪತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಯೋಚನೆ ಮಾಡ್ತಾ ಇದ್ದೀನಿ ಸಾರ್" ಎಂದೆ. "ನಾಳೆ ಫೋನ್ ಮಾಡಿ."

ಮಾರನೆಯ ದಿನ ಎಡಗಾಲಿನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಗುಡ್ಡ ಹತ್ತಿದೆ. ನನಗಿರುವುದು ಒಂದೇ ಜೊತೆ. ಸುಗುಣಾ ಬಾಗಿಲಲ್ಲೇ ನಿಂತಿದ್ದಳು, ನಾನು ಬಿಟ್ಟುಹೋದದ್ದನ್ನು ತೊಳೆದು, ಒಣಗಿಸಿ, ಹಳೇ ಪೇಪರಿನಲ್ಲಿ ಸುತ್ತಿ ಇಟ್ಟಿದ್ದಳು. "ನಿನ್ನೆ ಸಂಜೇನೇ ತಂದುಕೊಡೋಣ ಅಂತ ಹೊರಟಿದ್ದೆ" ಎಂದಳು. "ಹೊಸಲು ದಾಟೋವಾಗ ಹಿಂದೆ ಕೊಡದ ನೀರು ಕದಲಿದ ಹಾಗಾಯ್ತು. ವಾಪಸ್ ಬಂದೆ."

ಕಾಫಿ ಕೊಟ್ಟಳು. ಎಂದಿಗಿಂತ ಸ್ವಲ್ಪ ಸಕ್ಕರೆ ಹೆಚ್ಚಾಗಿತ್ತು. ಹೊರಡುವಾಗ ಪೇಪರಿನ ಪೊಟ್ಟಣ ಎತ್ತಿ ನನ್ನ ಮುಂದೆ ಹಿಡಿದಳು, ನಾನು ಕೈ ಚಾಚಿದೆ. ಅವಳು ಪೊಟ್ಟಣ ನೋಡಿದಳು, ನನ್ನ ಮುಖ ನೋಡಿದಳು. ಕೊಡದೆ ಇಟ್ಟುಕೊಳ್ಳುವುದು ಅವಳಿಗೆ ಎಷ್ಟು ಕಷ್ಟವೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಅವಳು ತಿರುಗಿ ಹೋಗಿ ಅದನ್ನು ಅಲಮಾರದಲ್ಲಿ, ಚಿಕ್ಕಮ್ಮನ ಫೋಟೋದ ಕೆಳಗೆ ಇಟ್ಟು ಅಲಮಾರದ ಬಾಗಿಲು ಹಾಕಿದಳು.

ನಾನು ಬರಿಗಾಲಿನಲ್ಲಿ ಒಂಟಿ ಚಪ್ಪಲಿ ಹಿಡಿದು ಮನೆ ಸೇರಿದಾಗ ನಮ್ಮತ್ತೆ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದರು. ನನ್ನ ಕಾಲು ನೋಡಿ, "ಯಾಕೇ, ಚಪ್ಪಲಿ ಕೊಡಲಿಲ್ವಾ ಅವಳು?" ಎಂದರು.

"ನಾಳೆ ಬಾ ಅಂದ್ಲು."

ನಮ್ಮತ್ತೆ ಸೊಪ್ಪಿನ ದಂಟು ಮುರಿದು ಪಕ್ಕಕ್ಕೆ ಹಾಕಿದರು. "ಹಂಗಾದ್ರೆ ಕೂತಿದೆ ಬಿಡು" ಎಂದರು.